ಓಬೋ ಬಾಯಲ್ಲಿಟ್ಟುಕೊಂಡು ನಕ್ಕವಳು

ಕೆಲವು ಮನೆತನಗಳಿಗೆ ಬೊಕ್ಕತಲೆ ಬರುತ್ತದೆ, ಕೆಲವಕ್ಕೆ ಸಕ್ಕರೆ ಕಾಯಿಲೆ. ಅವಳ ಅಪ್ಪನ ಮನೆತನಕ್ಕೆ ಬಂದದ್ದು ನಗು. ಒಮ್ಮೆ ಹತ್ತಿಕೊಂಡರೆ ನಿಲ್ಲಿಸುವುದು ಅವರ ಕೈಯಲ್ಲಿರಲಿಲ್ಲ. ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ತನ್ನ ಮದುವೆಗೆ ನೋಂದಣಿ ಕಚೇರಿಯಲ್ಲಿ ಸಹಿ ಹಾಕುವಾಗ ಅವನಿಗೆ ನಗು ಬಂದು, ಅಧಿಕಾರಿ ಪೆನ್ನು ವಾಪಸು ತೆಗೆದುಕೊಂಡು "ಇಷ್ಟ ಇದ್ದು ತಾನೇ ಆಗ್ತಿರೋದು?" ಎಂದು ವಿಚಾರಿಸಿದ್ದರಂತೆ. ಅಪ್ಪನ ತಂಗಿ, ಅಂದರೆ ಅತ್ತೆ, ಮನೆಯ ಕೆಳಗೇ ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದಳು. ಕೆಲಸದ ನಡುವೆ ನಗು ಬಂದರೆ ಕತ್ತರಿಯನ್ನು ಮೇಜಿನ ಮೇಲಿಟ್ಟು, ಗಿರಾಕಿಗೆ "ಒಂದ್ನಿಮಿಷ" ಎಂದು ಹೇಳಿ, ಹಿಂದಿನ ಕೋಣೆಗೆ ಹೋಗಿ ನಕ್ಕು, ಮುಖ ತೊಳೆದು ಬರುತ್ತಿದ್ದಳು.

ಅಮ್ಮ ಮಾತ್ರ ಬೇರೆ ಜಾಯಮಾನ. ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಅವಳಿಗೆ ಕೆಲಸ. ದಿನವೆಲ್ಲ "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಅಲ್ಲಾಡ್ಬೇಡಿ" ಎಂದು ಹೇಳಿ ಹೇಳಿ ಅವಳೇ ಅಲ್ಲಾಡುವುದನ್ನು ಮರೆತಂತಿದ್ದಳು. ಮನೆಯಲ್ಲಿ ಮೂವರೂ ನೆಲಕ್ಕೆ ಬಿದ್ದು ನಗುತ್ತಿದ್ದರೆ ಅಮ್ಮ ಒಗೆದ ಬಟ್ಟೆ ಮಡಚುತ್ತ, "ಆಯ್ತಾ ನಿಮ್ದು?" ಎನ್ನುವಳು. ಅಷ್ಟು ಸಾಕು, ಇನ್ನೊಂದು ಸುತ್ತು ಶುರು.

ಹುಡುಗಿಯನ್ನು ಎಲ್ಲರೂ ಕಿಲಕಿ ಎಂದೇ ಕರೆಯುತ್ತಿದ್ದರು. ಶಾಲೆಯ ಗಾಯನ ತಂಡದಲ್ಲಿ ಅವಳು ಹೆಚ್ಚು ಕಾಲ ಉಳಿಯಲಿಲ್ಲ. ಒಂದು ಸಮಾರಂಭದಲ್ಲಿ ಮುಖ್ಯೋಪಾಧ್ಯಾಯಿನಿ ಭಾಷಣ ಮಾಡುತ್ತಿದ್ದಾಗ ಮೈಕಿನ ಕಂಬ ನಿಧಾನವಾಗಿ ಕೆಳಕ್ಕೆ ಜಾರತೊಡಗಿತು. ಅವರು ಮಾತು ನಿಲ್ಲಿಸದೆ ಅದರ ಜೊತೆ ತಾವೂ ಬಗ್ಗುತ್ತ ಹೋದರು. ಸೊಂಟದ ಮಟ್ಟಕ್ಕೆ ಬರುವವರೆಗೆ ಕಿಲಕಿ ತಡೆದುಕೊಂಡಳು. ಮೊಣಕಾಲಿನ ಮಟ್ಟದಲ್ಲಿ ಕಟ್ಟೆ ಒಡೆಯಿತು. ಅವಳ ಹಿಂದೆ ಇಡೀ ಸಾಲು ಬಿತ್ತು. ಮರುದಿನ ಹಾಡಿನ ಟೀಚರು ಅವಳನ್ನು ಬ್ಯಾಂಡ್ ಮೇಷ್ಟ್ರ ಕೋಣೆಗೆ ಸಾಗಹಾಕಿದರು.

ಮೇಷ್ಟ್ರು ಬೀರುವಿನ ಮೇಲಿನ ಅರೆಯಿಂದ ಒಂದು ಪೆಟ್ಟಿಗೆ ಇಳಿಸಿದರು. ಒಳಗೆ ಕರಿಮರದ ತೆಳ್ಳನೆಯ ಕೊಳವೆ, ಮೈತುಂಬ ಬೆಳ್ಳಿಬಣ್ಣದ ಗುಂಡಿ, ಸನ್ನೆಕೋಲುಗಳು.

"ಇದು ಓಬೋ. ಯಾರಿಗೂ ಬೇಡವಾಗಿ ಕೂತಿದೆ. ಈ ತುದೀಲಿರೋ ರೀಡ್ ಅನ್ನೋ ಕಡ್ಡಿನ ಬಾಯಲ್ಲಿಟ್ಕೊಂಡು, ಎರಡೂ ತುಟಿ ಹಲ್ಲಿನ ಮೇಲೆ ಒಳಕ್ಕೆ ಮಡಚ್ಕೊಂಡು, ಬಾಯಿ ಬಿಗಿ ಹಿಡ್ದು ಊದ್ಬೇಕು. ಇದನ್ನ ಬಾಯಲ್ಲಿಟ್ಕೊಂಡು ನಕ್ಕವರನ್ನ ನಾನಂತೂ ನೋಡಿಲ್ಲ."

ಅವಳು ಊದಿದಳು. ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡ ಬಾತುಕೋಳಿಯ ಹಾಗೆ ಒಂದು ಸದ್ದು ಬಂತು. ಕಿಲಕಿ ಮೇಷ್ಟ್ರ ಮುಖ ನೋಡಿದಳು, ಮೇಷ್ಟ್ರು ಕಿಟಕಿಯ ಕಡೆ ನೋಡಿದರು. ಓಬೋ ಬಾಯಲ್ಲಿಟ್ಟುಕೊಂಡು ನಕ್ಕವರನ್ನು ಅವರು ಅವತ್ತೇ ನೋಡಿಬಿಟ್ಟರು.

ಹಾಗಂತ ಅವಳು ಅದನ್ನು ಬಿಡಲಿಲ್ಲ. ನಗಿಸುವ ವಸ್ತು ಕೈಯಲ್ಲಿದ್ದಾಗ ಬಿಡುವುದು ಆ ಮನೆತನದವರಿಗೆ ಗೊತ್ತಿರಲಿಲ್ಲ. ದಿನಾ ಸಂಜೆ ಓಬೋ ಮನೆಗೆ ಬರುತ್ತಿತ್ತು. ಮೇಲೆ ಬಾತುಕೋಳಿ ಕೂಗಿದರೆ ಕೆಳಗೆ ಅತ್ತೆ ಕತ್ತರಿ ಇಟ್ಟು ಹಿಂದಿನ ಕೋಣೆಗೆ ಓಡುವಳು. ಒಬ್ಬ ಗಿರಾಕಿ ಅರ್ಧ ತಲೆಯಲ್ಲೇ ಬಹಳ ಹೊತ್ತು ಕಾದು ಕೂತ ಮೇಲೆ ಅತ್ತೆ ಮೇಲೆ ಬಂದು ಕೈ ಮುಗಿದಳು: "ಅಣ್ಣಾ, ಇವಳನ್ನ ಎಲ್ಲಾದ್ರೂ ಕರ್ಕೊಂಡು ಹೋಗು. ನನ್ನ ಹೊಟ್ಟೆಪಾಡಿನ ಪ್ರಶ್ನೆ."

ಅಪ್ಪನಿಗೆ ಒಂದು ಜಾಗ ಹೊಳೆಯಿತು. ಪಕ್ಕದ ಬೀದಿಯ ಎತ್ತರದ ಕಟ್ಟಡದ ಲಿಫ್ಟ್ ಅವನ ಉಸ್ತುವಾರಿಯಲ್ಲಿತ್ತು. ಅದರ ಮೋಟಾರ್ ಕೋಣೆ ತಾರಸಿಯ ಮೇಲೆ. ಗ್ರೀಸಿನ ವಾಸನೆ, ಒಂದು ಬಲ್ಬು, ತಂತಿಹಗ್ಗಗಳು ಕೆಳಕ್ಕೆ ಇಳಿಯಲು ನೆಲದಲ್ಲಿ ತೂತುಗಳು. ಅಲ್ಲಿ ಊದಿದರೆ ಯಾರಿಗೂ ಕೇಳುವುದಿಲ್ಲ ಎಂದುಕೊಂಡ. ಮೋಟಾರಿಗೆ ಎಣ್ಣೆ ಹಾಕುವ ಮೂಲೆಯಲ್ಲಿ ಅವಳಿಗೊಂದು ಸ್ಟೂಲು ಹಾಕಿಕೊಟ್ಟ.

ಆ ತೂತುಗಳ ವಿಷಯ ಅವನಿಗೆ ಹೊಳೆಯಲಿಲ್ಲ. ಕಿಲಕಿ ಊದಿದ ಸ್ವರವೆಲ್ಲ ಲಿಫ್ಟಿನ ಬಾವಿಯೊಳಕ್ಕೆ ಇಳಿದು, ದೊಡ್ಡದಾಗಿ, ಪ್ರತಿ ಮಹಡಿಯ ಬಾಗಿಲ ಸಂದಿಯಿಂದ ಹೊರಬಂತು. ಆ ವಾರವೇ ಅಪ್ಪನ ಫೋನು ಬಡಿದುಕೊಂಡಿತು.

"ಸಾರ್, ಲಿಫ್ಟು ಅಳ್ತಾ ಇದೆ."

"ಅಳ್ತಾ ಇದೆ ಅಂದ್ರೆ?"

"ನರಳ್ತಿದೆ ಸಾರ್. ಬಂದು ನೋಡಿ."

ಅಪ್ಪನಿಗೆ ತಕ್ಷಣ ಅರ್ಥವಾಯಿತು. ಆದರೂ ಕೆಲಸದ ಚೀಲ ಹೆಗಲಿಗೇರಿಸಿ ಹೋದ. ಲಿಫ್ಟಿನೊಳಗೆ ನಿಂತು ಬಾಗಿಲು ಮುಚ್ಚಿಕೊಂಡು, ಎರಡು ಮಹಡಿಗಳ ನಡುವೆ ಅದನ್ನು ನಿಲ್ಲಿಸಿ, ಮನದಣಿಯೆ ನಕ್ಕು, ಹೊರಗೆ ಬಂದು ಗಂಭೀರವಾಗಿ "ಹಳೇ ಲಿಫ್ಟು. ಸ್ವಲ್ಪ ದಿನ ಹೀಗೇ ಇರುತ್ತೆ" ಎಂದ. ದೂರುಗಳು ನಿಲ್ಲಲಿಲ್ಲ, ಆದರೆ ಅವುಗಳ ಧಾಟಿ ಬದಲಾಗುತ್ತ ಬಂತು. ಮಳೆಗಾಲ ಮುಗಿಯುವ ಹೊತ್ತಿಗೆ ಎರಡನೇ ಮಹಡಿಯವರು "ಈಗ ನರಳಾಟ ಕಮ್ಮಿ, ಏನೋ ರಾಗದ ತರ ಇದೆ" ಎಂದರು. ಆಮೇಲೊಬ್ಬರು "ನಿನ್ನೆ ಲಿಫ್ಟು ಮಧ್ಯದಲ್ಲಿ ತಪ್ಪು ಮಾಡ್ತು" ಎಂದು ಫೋನು ಮಾಡಿದರು. ಪರೀಕ್ಷೆಯೆಂದು ಕಿಲಕಿ ಕೆಲವು ದಿನ ಹೋಗದೆ ಇದ್ದಾಗ ಕಟ್ಟಡದ ಕಾರ್ಯದರ್ಶಿಯೇ ಕರೆ ಮಾಡಿದ: "ಲಿಫ್ಟು ಸುಮ್ಮನಾಗಿಬಿಟ್ಟಿದೆ. ಏನಾದ್ರೂ ಕೆಟ್ಟಿದೆಯಾ?"

ಪರೀಕ್ಷೆ ಮುಗಿಸಿ ಅವಳು ಮತ್ತೆ ಸ್ಟೂಲಿನ ಮೇಲೆ ಕೂತ ದಿನ ಮೋಟಾರ್ ಕೋಣೆಯ ಬಾಗಿಲು ತೆರೆಯಿತು. ಗುಬ್ಬಚ್ಚಿ ಗಾತ್ರದ ಒಬ್ಬ ಮುದುಕಿ ಏದುಸಿರು ಬಿಡುತ್ತ ನಿಂತಿದ್ದರು. ಐದನೇ ಮಹಡಿಯವರು, ನಗರದ ವಾದ್ಯವೃಂದದಲ್ಲಿ ಇಡೀ ಆಯುಷ್ಯ ಓಬೋ ನುಡಿಸಿ ನಿವೃತ್ತರಾದವರು.

"ಲಿಫ್ಟಿಗೆ ಅಷ್ಟು ದೊಡ್ಡ ಶ್ವಾಸಕೋಶ ಇರಲ್ಲ ಅಂತ ನನಗೆ ಮೊದಲ ದಿನವೇ ಗೊತ್ತಿತ್ತು. ಯಾವತ್ತು ಸುಧಾರಿಸುತ್ತೆ ನೋಡೋಣ ಅಂತ ಕಾಯ್ತಿದ್ದೆ. ನೀನು ಯಾಕೆ ಪ್ರತಿ ಸಾಲಿನ ಕೊನೇಲಿ ನಗ್ತೀಯ?"

"ನಗ್ತಿಲ್ಲ ಟೀಚರ್. ತಲೆ ತಿರುಗುತ್ತೆ. ತಲೆ ತಿರುಗಿದ್ರೆ ನಗು ಬರುತ್ತೆ."

"ಬಾ, ಕೆಳಗೆ ಹೋಗೋಣ. ಇಲ್ಲಿ ಗ್ರೀಸ್ ವಾಸನೆ."

ಅವರನ್ನು ಟೀಚರ್ ಎಂದು ಕರೆದದ್ದು ಬಾಯ್ತಪ್ಪಿ. ಆದರೆ ಆ ಸಂಜೆಯಿಂದ ಅವರು ಟೀಚರೇ ಆದರು. ಮೊದಲು ಕಲಿಸಿದ್ದು ಉಸಿರು ಬಿಡುವುದನ್ನು. "ಈ ವಾದ್ಯದಲ್ಲಿ ಉಸಿರು ಸಾಲದೆ ಯಾರೂ ಒದ್ದಾಡಲ್ಲ, ಜಾಸ್ತಿಯಾಗಿ ಒದ್ದಾಡ್ತಾರೆ. ರೀಡಿನ ಬಾಯಿ ಸೂಜಿಕಣ್ಣಿನಷ್ಟು. ನೀನು ಒಳಗೆ ತುಂಬ್ಕೊಂಡಿರೋದು ಬಕೆಟ್ಟಿನಷ್ಟು. ಹೊರಗೆ ಹೋಗದ ಗಾಳಿ ಅಲ್ಲೇ ಹಳಸುತ್ತೆ, ತಲೆ ತಿರುಗುತ್ತೆ. ಮೊದಲು ಹಳೇದನ್ನ ಬಿಡು, ಆಮೇಲೆ ಹೊಸದು ಎಳ್ಕೊ." ಆಮೇಲೆ ರೀಡ್ ಕೆತ್ತುವುದನ್ನು ಕಲಿಸಿದರು. ಜೊಂಡನ್ನು ಸೀಳಿ, ಮಡಚಿ, ದಾರ ಸುತ್ತಿ, ತುದಿಯನ್ನು ಚಾಕುವಿನಿಂದ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಹೆರೆಯಬೇಕು. ಹೆರೆದದ್ದು ಸ್ವಲ್ಪ ಹೆಚ್ಚಾದರೆ ಎಲ್ಲ ಹೋಯಿತು. ಕಿಲಕಿ ಕೆಡಿಸಿದ ರೀಡುಗಳಿಂದ ಅತ್ತೆಯ ಅಂಗಡಿಯ ಹಳೆಯ ಕ್ರೀಮಿನ ಡಬ್ಬಿಗಳು ತುಂಬಿದವು. ಕೆಲವು ಕೂಗುತ್ತಿದ್ದವು, ಕೆಲವು ಮುನಿಸಿಕೊಂಡು ಉಸಿರೇ ಬಿಡುತ್ತಿರಲಿಲ್ಲ, ಒಂದಂತೂ ಬಿಸಿಲಿದ್ದರೆ ಮಾತ್ರ ನುಡಿಯುತ್ತಿತ್ತು.

ಹೀಗೇ ವರ್ಷಗಳು ಕಳೆದವು. ಶಾಲೆ ಮುಗಿಯಿತು, ಸಂಗೀತ ಕಾಲೇಜು ಶುರುವಾಯಿತು. ಬೆರಳು ಓಡುತ್ತಿತ್ತು, ಸ್ವರ ನೆಟ್ಟಗಿತ್ತು. ಒಂದು ಮಧ್ಯಾಹ್ನ ಟೀಚರ್ ತಲೆಯಾಡಿಸಿದರು. "ನೆಟ್ಟಗಿದೆ, ಅದೇ ತೊಂದರೆ. ಕೋಲಿನ ಹಾಗೆ ನಿಂತಿದೆ. ಒಳಗೊಂದು ನಡುಕ ಬೇಕು. ಅದು ಹೊಟ್ಟೆಯಿಂದ ಬರಬೇಕು. ಸದ್ದು ಮಾಡದೆ ಹೇಳು ನೋಡೋಣ: ಹ, ಹ, ಹ, ಹ."

ಕಿಲಕಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೇಳಿದಳು. ಆಮೇಲೆ ಟೀಚರನ್ನೇ ದಿಟ್ಟಿಸಿದಳು. "ಟೀಚರ್, ಇದು ನಗು ಅಲ್ವಾ?"

ಟೀಚರ್ ಕುರ್ಚಿಯಲ್ಲಿ ಹಿಂದಕ್ಕೊರಗಿದರು. "ಇಷ್ಟು ಜನಕ್ಕೆ ಕಲಿಸಿದೀನಿ, ಒಬ್ಬರೂ ಹಾಗೆ ಕೇಳಿರ್ಲಿಲ್ಲ. ಹೌದು ಕಣೇ, ನಗುವೇ. ಆದ್ರೆ ತುಟಿ ನಗಬಾರದು, ಮುಖ ನಗಬಾರದು. ಹೊಟ್ಟೆ ಒಂದೇ ನಗ್ಲಿ."

ಬೇರೆಯವರು ವರ್ಷಗಟ್ಟಲೆ ಬೆವರು ಸುರಿಸಿ ಕಲಿಯುವುದು ಅವಳಿಗೆ ಆ ಮಧ್ಯಾಹ್ನವೇ ಬಂತು. ಉದ್ದನೆಯ ಒಂದು ಸ್ವರ ಹಿಡಿದಳು, ಹೊಟ್ಟೆಯಲ್ಲಿ ನಕ್ಕಳು, ಸ್ವರ ಗಾಳಿ ಬೀಸಿದ ಕೆರೆಯ ನೀರಿನ ಹಾಗೆ ಅಲೆಯಲೆಯಾಗಿ ಕೋಣೆ ತುಂಬಿತು. ಅವತ್ತು ಮನೆಗೆ ಹೋಗುವಾಗ ಲಿಫ್ಟಿಗೆ ಕಾಯುವ ತಾಳ್ಮೆಯಿಲ್ಲದೆ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಇಳಿದಳು. ಬೀದಿಯಲ್ಲಿ ಒಬ್ಬ ಅಪರಿಚಿತನಿಗೆ ಸುಮ್ಮಸುಮ್ಮನೆ ನಮಸ್ಕಾರ ಹೇಳಿದಳು. ಅವನು ಗಾಬರಿಯಿಂದ ಜೇಬು ಮುಟ್ಟಿ ನೋಡಿಕೊಂಡ.

ವಾದ್ಯವೃಂದದಲ್ಲಿ ಎರಡನೇ ಓಬೋದ ಜಾಗ ಖಾಲಿಯಾದಾಗ ಟೀಚರೇ ಅವಳನ್ನು ಪರೀಕ್ಷೆಗೆ ಕಳಿಸಿದರು. ಅಲ್ಲಿಯ ಪದ್ಧತಿ ವಿಚಿತ್ರ. ಅಭ್ಯರ್ಥಿ ಯಾರೆಂದು ತೀರ್ಪುಗಾರರಿಗೆ ತಿಳಿಯದ ಹಾಗೆ ನಡುವೆ ಒಂದು ಪರದೆ. ಹೆಜ್ಜೆಯ ಸಪ್ಪಳ ಕೇಳದಂತೆ ನೆಲಕ್ಕೆ ಜಮಖಾನೆ. ಅಭ್ಯರ್ಥಿ ಒಂದು ಮಾತೂ ಆಡಬಾರದು; ಏನಾದರೂ ಕೇಳುವುದಿದ್ದರೆ ಪಕ್ಕದಲ್ಲಿ ನಿಂತ ವೇದಿಕೆಯ ಮೇಲ್ವಿಚಾರಕನ ಕಿವಿಯಲ್ಲಿ ಹೇಳಬೇಕು, ಅವನು ಅದನ್ನು ಗಟ್ಟಿಯಾಗಿ ಹೇಳುತ್ತಾನೆ. ಮೇಲ್ವಿಚಾರಕ ಎತ್ತರದ, ಒಳ್ಳೆಯ ಮುಖದ ಯುವಕ. ಆದರೆ ಅವನ ಕೂದಲು ಯಾರೋ ಕತ್ತಲಲ್ಲಿ ಕತ್ತರಿಸಿದ ಹಾಗಿತ್ತು.

ಕಿಲಕಿ ಅವನ ಕಿವಿಯಲ್ಲಿ ಪಿಸುಗುಟ್ಟಿದಳು. ಅವನು ಗಂಟಲು ಸರಿಮಾಡಿಕೊಂಡ.

"ಅಭ್ಯರ್ಥಿ ಒಂದು ಸಲ ರೀಡ್ — ಹಿಕ್ — ಊದಿ ನೋಡ್ಕೋಬಹುದಾ ಅಂತ ಕೇಳ್ತಿದಾರೆ."

ಪರದೆಯಾಚೆಯಿಂದ ವಾದ್ಯವೃಂದದ ನಿರ್ದೇಶಕರ ದನಿ: "ಬಿಕ್ಕಳಿಕೆ ಯಾರಿಗೆ, ಅಭ್ಯರ್ಥಿಗೋ ನಿನಗೋ?"

"ನನಗೆ ಸಾರ್. ಹಿಕ್."

"ನೀರು ಕುಡಿ."

"ಇಲ್ಲಿ ಒಂದು ಲೋಟದಲ್ಲಿ ನೀರಿದೆ ಸಾರ್. ಆದ್ರೆ ಅದರಲ್ಲಿ ಅಭ್ಯರ್ಥಿ ರೀಡ್ ನೆನೆಹಾಕಿದಾರೆ."

ಕುಡಿಯಿರಿ ಪರವಾಗಿಲ್ಲ ಎಂದು ಕಿಲಕಿ ಕೈಸನ್ನೆ ಮಾಡಿದಳು. ಅವನು ಸಂಕೋಚದಿಂದ ಲೋಟ ಎತ್ತಿ, ತಲೆ ಹಿಂದಕ್ಕೆ ಮಾಡಿ ಗಟಗಟ ಕುಡಿದ. ರೀಡ್ ತೇಲಿ ಬಂದು ಅವನ ಮೂಗಿಗೆ ತಾಗಿ ನಿಂತಿತು. ಅವನು ಅದರ ಕಡೆಗೆ ಮೆಳ್ಳಗಣ್ಣು ಮಾಡಿ ನೋಡಿದ. "ಹಿಕ್."

ಕಿಲಕಿಯ ನಗು ಪರದೆಯನ್ನೂ ದಾಟಿತು, ಸಭಾಂಗಣದ ಕೊನೆಯ ಸಾಲನ್ನೂ ಮುಟ್ಟಿತು. ತನ್ನ ಕತೆ ಮುಗಿಯಿತು ಎಂದು ಅವಳಿಗೆ ಗೊತ್ತಾಯಿತು, ಗೊತ್ತಾಗಿ ಇನ್ನಷ್ಟು ನಗು ಬಂತು. ಆಚೆ ಯಾರೋ ಕೆಮ್ಮಿದರು. ಯಾರದೋ ಕುರ್ಚಿ ಕಿರುಗುಟ್ಟಿತು. ಕೊನೆಗೆ ನಿರ್ದೇಶಕರು "ನಗೋದು ಮುಗಿದಿದ್ರೆ ನುಡಿಸಬಹುದು" ಎಂದರು.

ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ. ಹೇಗೂ ಹೋಯಿತು ಎಂಬ ಹಗುರದಲ್ಲಿ ಅವಳು ನುಡಿಸಿದಳು. ಮನೆಯಲ್ಲಿ ನೂರು ಸಲ ಎಡವಿದ ವೇಗದ ಭಾಗ ಇಳಿಜಾರಿನಲ್ಲಿ ಸೈಕಲ್ ಬಿಟ್ಟ ಹಾಗೆ ಹೋಯಿತು. ನಿಧಾನದ ಭಾಗ ತಾನಾಗಿಯೇ ಉಸಿರಾಡಿತು. ಮುಗಿಸಿ ಓಬೋ ಪೆಟ್ಟಿಗೆಗೆ ಇಟ್ಟು, ಬಿಕ್ಕಳಿಸುವವನಿಗೆ ತಲೆಬಾಗಿ ಮನೆಗೆ ಬಂದಳು.

ಎರಡು ದಿನ ಬಿಟ್ಟು ಕರೆ ಬಂತು. ನಿರ್ದೇಶಕರು ತಮ್ಮ ಕೋಣೆಯಲ್ಲಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ನಕ್ಕವಳು ನೀನೇನಾ? ಬೇರೆಯವರೆಲ್ಲ ಹೆದರಿಕೊಂಡು ನುಡಿಸಿದ್ರು. ನೀನು ಹೆದರ್ಲಿಲ್ಲ. ಒಂದು ವರ್ಷ ನೋಡೋಣ. ಆದ್ರೆ ವೇದಿಕೆ ಮೇಲೆ ನಗಬಾರದು. ಒಂದೇ ಒಂದು ಸಲ ನಕ್ರೂ ಆವತ್ತೇ ಕೊನೆ."

"ನಗಲ್ಲ ಸಾರ್," ಎಂದಳು. ಹೊರಗೆ ಬಂದು ಮೆಟ್ಟಿಲ ಕೆಳಗೆ ನಿಂತು ನಕ್ಕಳು.

ಆ ವರ್ಷವೆಲ್ಲ ಅವಳು ಕೆನ್ನೆಯ ಒಳಭಾಗ ಕಚ್ಚಿಕೊಂಡೇ ಕೂತಳು. ಪಕ್ಕದಲ್ಲಿ ಮೊದಲನೇ ಓಬೋದ ಹಿರಿಯರು. ನಕ್ಕದ್ದನ್ನು ಯಾರೂ ಕಂಡಿರದ ಮನುಷ್ಯ. ಅವಳಿಗೆ ಅದು ಒಂದು ಆಸರೆಯೇ ಆಗಿತ್ತು. ವರ್ಷ ಮುಗಿಯಲು ಇನ್ನು ಸ್ವಲ್ಪವೇ ಇದೆ ಎನ್ನುವಾಗ, ಆ ವಯಸ್ಸಿನಲ್ಲಿ ಅವರಿಗೆ ಬುದ್ಧಿಹಲ್ಲು ಬಂತು. ಕೆನ್ನೆ ಬನ್ನಿನ ಹಾಗೆ ಊದಿ, ತುಟಿ ಮಡಚಲಾಗದೆ ಮನೆಯಲ್ಲೇ ಉಳಿದರು. ಅಂದು ಸಂಜೆಯೇ ಒಂದು ಕಛೇರಿಯಿತ್ತು, ತೀರಿಕೊಂಡ ವಾದ್ಯವೃಂದದ ಹಳೆಯ ಪೋಷಕರೊಬ್ಬರ ನೆನಪಿನದು. ನಡುವೆ ಒಂದು ನಿಧಾನದ ಭಾಗ. ಅದರ ಆರಂಭದಲ್ಲಿ ಓಬೋ ಒಂದೇ ನುಡಿಯಬೇಕು. ನಿರ್ದೇಶಕರು ಕಿಲಕಿಯನ್ನು ಒಂದು ಕುರ್ಚಿ ಆಚೆಗೆ, ಆ ಹಿರಿಯರ ಜಾಗಕ್ಕೆ ಸರಿಸಿದರು.

ಮೂರನೇ ಸಾಲಿನಲ್ಲಿ ಅಪ್ಪ, ಅಮ್ಮ, ಅತ್ತೆ. ಅತ್ತೆ ಮುಂಜಾಗ್ರತೆಗೆ ಬಾಗಿಲ ಪಕ್ಕದ ಆಸನ ಹಿಡಿದಿದ್ದಳು.

ಎಲ್ಲ ವಾದ್ಯಗಳೂ ಶ್ರುತಿ ಮಾಡಿಕೊಳ್ಳುವುದು ಓಬೋದ ಸ್ವರಕ್ಕೆ. ಆ ಸ್ವರ ಕೊಡುವುದು ಮೊದಲನೇ ಓಬೋದವರ ಕೆಲಸ. ಕಿಲಕಿ ಊದಿದಳು. ಒಂದು ಎಳೆ ಸ್ವರ ಗಾಳಿಯಲ್ಲಿ ನಿಂತಿತು. ಪಿಟೀಲುಗಳು ಅದರ ಹತ್ತಿರ ಬಂದವು, ಆಳೆತ್ತರದ ಬಾಸ್ ಪಿಟೀಲುಗಳು ಬಂದವು, ಮೀಸೆ ನರೆತ ತುತ್ತೂರಿಯವರು ತಲೆಬಾಗಿ ಬಂದರು. ಇಷ್ಟು ದೊಡ್ಡ ದೊಡ್ಡವರೆಲ್ಲ ತನ್ನ ಒಂದು ಸೂಜಿಕಣ್ಣಿನ ಗಾಳಿಯ ಹಿಂದೆ ಬರುತ್ತಿದ್ದಾರೆ ಎಂಬುದು ಅವಳ ತಲೆಗೇರಿತು. ಕಾಲು ನೆಲದ ಮೇಲಿದೆಯೋ ಇಲ್ಲವೋ ಎಂದು ಬಗ್ಗಿ ನೋಡಿಕೊಂಡಳು.

ಮೊದಲ ಭಾಗ ಮುಗಿಯಿತು. ಸಭಾಂಗಣ ಮಸಣದಷ್ಟು ಮೌನವಾಯಿತು. ನಿರ್ದೇಶಕರು ಅವಳತ್ತ ತಿರುಗಿ ಕೈ ಎತ್ತಿದರು. ಅವಳು ರೀಡನ್ನು ತುಟಿಗಳ ನಡುವೆ ಇಟ್ಟುಕೊಂಡಳು.

ವೇದಿಕೆಯ ಪಕ್ಕದ ತೆರೆಯ ಹಿಂದಿನಿಂದ ಸ್ಪಷ್ಟವಾಗಿ ಕೇಳಿತು: "ಹಿಕ್."

ಮುಂದಿನ ಸಾಲಿನ ಪಿಟೀಲಿನವರ ಭುಜಗಳು ಕುಲುಕಿದವು. ಕಿಲಕಿಯ ನಗು ಕಾಲ್ಬೆರಳಿನಿಂದ ಹೊರಟಿತು. ಅದು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಕೆನ್ನೆ ಕಚ್ಚಲು ಸಮಯವಿರಲಿಲ್ಲ, ನಿರ್ದೇಶಕರ ಕೈ ಆಗಲೇ ಇಳಿಯುತ್ತಿತ್ತು. ಅವಳು ಹಳೆಯ ಉಸಿರನ್ನು ಬಿಟ್ಟು ಹೊಸದನ್ನು ಎಳೆದುಕೊಂಡಳು, ತುಟಿ ಬಿಗಿದಳು, ಮುಖ ಬಿಗಿದಳು. ನಗುವಿಗೆ ಹೊರಹೋಗಲು ಉಳಿದದ್ದು ಒಂದೇ ದಾರಿ.

ಸ್ವರ ಹುಟ್ಟುವಾಗಲೇ ನಡುಗುತ್ತಿತ್ತು. ಅಷ್ಟು ವರ್ಷ ಕೋಣೆಯಲ್ಲಿ ಅಭ್ಯಾಸ ಮಾಡಿದ್ದ ಅಲೆಯಲ್ಲ ಇದು. ಹೊಟ್ಟೆಯ ತಳದಿಂದ ಬಂದದ್ದು, ಒಮ್ಮೆ ದೊಡ್ಡದಾಗಿ, ಒಮ್ಮೆ ಇನ್ನೇನು ಮುರಿದೇಹೋಯಿತು ಎನ್ನುವಷ್ಟು ತೆಳ್ಳಗಾಗಿ. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ಅದು ಯಾವ ನೀರೆಂದು ಸಭೆಗೆ ಹೇಗೆ ಗೊತ್ತಾಗಬೇಕು? ಮುಂದಿನ ಸಾಲಿನಲ್ಲಿ ತೀರಿಕೊಂಡವರ ಮಗಳು ಕರವಸ್ತ್ರ ತೆಗೆದಳು. ಅವಳ ಹಿಂದೆ ಇನ್ನೊಬ್ಬರು. ಅತ್ತೆ ಎದ್ದು ಬಾಗಿಲಾಚೆ ಓಡಿದಳು. ಅಪ್ಪ ಎರಡೂ ಮೊಣಕಾಲಿನ ನಡುವೆ ತಲೆ ಇಟ್ಟುಕೊಂಡ.

ಅಮ್ಮ ನೆಟ್ಟಗೆ ಕೂತು ಮಗಳ ಹೊಟ್ಟೆಯನ್ನೇ ನೋಡುತ್ತಿದ್ದಳು. ಎದೆಗೂಡಿನ ಚಲನೆ ನೋಡುವುದೇ ಅವಳ ಉದ್ಯೋಗ. ಇದು ಅಳುವವರ ಉಸಿರಲ್ಲ ಎಂದು ತಿಳಿಯಿತು. ತಿಳಿದ ಕ್ಷಣ ಅವಳ ಒಳಗೆ ಏನೋ ಸಡಿಲವಾಯಿತು. ಇಷ್ಟು ವರ್ಷ ಈ ಜನರ ನಡುವೆ ಬಟ್ಟೆ ಮಡಚಿಕೊಂಡು ಬಂದವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು, ಕುಲುಕುಲುಕಿ, ಸದ್ದಿಲ್ಲದೆ, ಮೈಯೆಲ್ಲ ನಕ್ಕಳು. ಪಕ್ಕದ ಹೆಂಗಸು ಅವಳ ಬೆನ್ನು ಸವರುತ್ತ, "ಅತ್ತುಬಿಡಿ, ಹಗುರ ಆಗುತ್ತೆ" ಎಂದಳು.

ಕಛೇರಿ ಮುಗಿದ ಮೇಲೆ ನಿರ್ದೇಶಕರು ಒದ್ದೆ ಕಣ್ಣಿನಿಂದಲೇ ಬಂದು ಕಿಲಕಿಯ ಎರಡೂ ಕೈ ಹಿಡಿದರು. "ಆ ಬಿಕ್ಕು, ಅದು ಎಲ್ಲಿತ್ತು ನಿನ್ನೊಳಗೆ? ನೀನು ಶುರು ಮಾಡೋಕೆ ಮುಂಚೆಯೇ ಪಕ್ಕದಲ್ಲಿ ಯಾರೋ ತಡೆಯೋಕಾಗದೆ ಬಿಕ್ಕಿಬಿಟ್ರು, ಕೇಳಿಸ್ತಾ?"

"ಕೇಳಿಸ್ತು ಸಾರ್."

"ನಾಳೆ ಬಂದು ಖಾಯಂ ಪತ್ರಕ್ಕೆ ಸಹಿ ಹಾಕು."

ಬಿಕ್ಕಿದವನು ಹಿಂಬಾಗಿಲ ಬಳಿ ಗೋಡೆಗೊರಗಿ ನಿಂತಿದ್ದ. ಮುಖ ಸುಣ್ಣದ ಹಾಗಿತ್ತು. "ನಿಮ್ಮ ಕೆಲಸ ಕಳೆದುಬಿಟ್ಟೆ ಅನ್ಕೊಂಡೆ. ಹೆದರಿಕೆ ಆದ್ರೆ ನನಗೆ ಹೀಗೇ. ಪರೀಕ್ಷೆ ದಿನಾನೂ ಅಷ್ಟೇ."

"ಪರೀಕ್ಷೆ ನನಗಿತ್ತಲ್ಲ, ನಿಮಗ್ಯಾಕೆ ಹೆದರಿಕೆ?"

"ನೀವು ಬಂದು ಕಿವೀಲಿ ಮಾತಾಡಿದ್ರಲ್ಲ," ಎಂದ ಅವನು, ನೆಲ ನೋಡುತ್ತ.

ಕಿಲಕಿ ಓಬೋದ ಪೆಟ್ಟಿಗೆಯನ್ನು ಅವನ ಕೈಗೆ ಕೊಟ್ಟಳು. ಅವನು ಅದನ್ನು ಮಲಗಿದ ಮಗುವಿನ ಹಾಗೆ ಎತ್ತಿಕೊಂಡು ಅವಳ ಜೊತೆ ಹೊರಟ.

ಅಂದು ಯಾರಿಗೂ ಬಸ್ಸಿನಲ್ಲಿ ಕೂರುವ ಮನಸ್ಸಾಗಲಿಲ್ಲ. ಎಲ್ಲರೂ ನಡೆದೇ ಹೊರಟರು. ಅಮ್ಮ ಮುಂದೆ ಮುಂದೆ ಹೋಗುತ್ತ, ಏನೋ ನೆನೆದು ಥಟ್ಟನೆ ನಿಂತು ದೀಪದ ಕಂಬ ಹಿಡಿದುಕೊಂಡು ನಗುವಳು. ಅಪ್ಪ ಹೊಸದಾಗಿ ಮದುವೆಯಾದವನ ಹಾಗೆ ಅವಳನ್ನು ನೋಡುವನು. ಅತ್ತೆ ಮೇಲ್ವಿಚಾರಕನ ಪಕ್ಕದಲ್ಲಿ ನಡೆಯುತ್ತ ಅವನ ತಲೆಯನ್ನೇ ಪರಿಶೀಲಿಸುತ್ತಿದ್ದಳು.

"ನಿಮಗೆ ಕೂದಲು ಕತ್ತರಿಸೋರು ಯಾರು?"

"ನಾನೇ ಕತ್ತರಿಸ್ಕೋತೀನಿ."

"ಅನ್ಕೊಂಡೆ. ಭಾನುವಾರ ಅಂಗಡಿಗೆ ಬನ್ನಿ."

ಅವನು ಭಾನುವಾರ ಬಂದ. ಮುಂದಿನ ಭಾನುವಾರವೂ ಬಂದ. ಅದರ ಮುಂದಿನದೂ. ಕೂದಲಿಗೆ ಬೆಳೆಯಲು ಪುರುಸೊತ್ತು ಕೊಡದೆ ಬಂದು, ಮೇಲಿನಿಂದ ಇಳಿದುಬರುವ ಓಬೋ ಕೇಳುತ್ತ, ಕನ್ನಡಿಯ ಮುಂದೆ ಕುತ್ತಿಗೆ ಬಗ್ಗಿಸಿ ಕೂರುತ್ತಿದ್ದ. ಕೊನೆಗೊಂದು ಭಾನುವಾರ ಅತ್ತೆ ಅವನ ಹೆಗಲಿನಿಂದ ಬಟ್ಟೆ ತೆಗೆದು ಕೊಡವಿದಳು.

"ಇನ್ನು ಇಲ್ಲಿ ಕತ್ತರಿಸೋಕೆ ಏನೂ ಉಳಿದಿಲ್ಲ ಕಣಪ್ಪ. ಮೆಟ್ಟಿಲು ಆ ಕಡೆ ಇದೆ."

ಕಿಲಕಿ ಕಿಟಕಿಯ ಬಳಿ ಮೇಜಿನ ಮುಂದೆ ಚಾಕು ಹಿಡಿದು ಹೊಸ ರೀಡ್ ಹೆರೆಯುತ್ತಿದ್ದಳು. ಬಾಗಿಲಲ್ಲಿ ನಿಂತ ನುಣ್ಣನೆಯ ತಲೆಯನ್ನು ನೋಡಿ ಕೈ ನಿಲ್ಲಿಸಿದಳು, ತುಟಿಯನ್ನು ಒಳಕ್ಕೆ ಮಡಚಿ ನಗು ತಡೆದುಕೊಂಡಳು.

"ಕೂತ್ಕೊಳ್ಳಿ," ಎಂದಳು. "ಆದ್ರೆ ಈ ಕಡೆ ಉಸಿರು ಬಿಡಬೇಡಿ, ಪುಡಿ ಹಾರುತ್ತೆ."

ಅವನು ಕುರ್ಚಿಯನ್ನು ಎಳೆದುಕೊಂಡು, ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ಅವಳ ಪಕ್ಕದಲ್ಲೇ ಕೂತ.